ಪ್ರಪಿತಾಮಹಿಯ ತವರು

ವಂಶವೃಕ್ಷವೆಂಬ ಮಾತನ್ನು ನಮ್ಮ ಜನರು ಈಗ ಬಹುಮಟ್ಟಿಗೆ ತಾಲ್ಲೂಕು ಕಚೇರಿಯ ಜಗಲಿಯ ಮೇಲೆ ಕೇಳುತ್ತಾರೆ. ಮನೆಯ ಹಿರಿಯರು ತೀರಿಕೊಂಡು ಜಮೀನಿನ ಖಾತೆ ಬದಲಾಗಬೇಕಾದಾಗ, ಇಂಥವರಿಗೆ ಇಂಥಿಂಥವರು ಮಕ್ಕಳೆಂದು ಬರೆದು ಮೊಹರು ಒತ್ತಿಸಿಕೊಂಡು ತರುವ ಒಂದು ಹಾಳೆಗೆ ಆ ಹೆಸರು. ಖಾತೆ ಬದಲಾದ ಮರುದಿನದಿಂದ ಆ ಹಾಳೆಯನ್ನು ಯಾರೂ ನೋಡುವುದಿಲ್ಲ. ಜಮೀನಿಲ್ಲದವರಿಗಂತೂ ಆ ವೃಕ್ಷದ ನೆರಳೇ ಇಲ್ಲ. ವೃಕ್ಷವೆಂದ ಮೇಲೆ ಬೇರು ಇರಬೇಕು, ಆ ಬೇರು ಕಣ್ಣಿಗೆ ಕಾಣದೆ ನೆಲದೊಳಗೆ ಎಲ್ಲೆಲ್ಲಿಯೋ ಹರಿದಿರಬೇಕು ಎಂಬ ಯೋಚನೆ ಆ ಜಗಲಿಯ ಮೇಲೆ ಯಾರಿಗೂ ಬರುವಂತಿಲ್ಲ. ಅರವತ್ತು ವರ್ಷ ತುಂಬುವವರೆಗೆ ನಮಗೂ ಬಂದಿರಲಿಲ್ಲ.

ನಾವು ಕೋಲಾರದ ಸೀಮೆಯವರು. ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಪಾಠ ಹೇಳಿ ನಿವೃತ್ತರಾದವರು. ತಂದೆಯವರು ಕಾಲವಾದ ಬಳಿಕ ತರ್ಪಣ ಶ್ರಾದ್ಧಾದಿಗಳನ್ನು ಬಿಡದೆ ನಡೆಸಿಕೊಂಡು ಬಂದಿದ್ದೇವೆ. ತಂದೆ, ಪಿತಾಮಹ, ಪ್ರಪಿತಾಮಹ ಎಂದು ಮೂರು ತಲೆ. ತಾಯಿ, ಪಿತಾಮಹಿ, ಪ್ರಪಿತಾಮಹಿ ಎಂದು ಮೂರು ತಲೆ. ಇವರ ಹೆಸರೂ ಗೋತ್ರವೂ ನಮ್ಮ ನಾಲಗೆಯ ತುದಿಯಲ್ಲಿರುವುದರಿಂದ ವಂಶದ ವಿಚಾರವನ್ನೆಲ್ಲ ಬಲ್ಲೆವೆಂಬ ಒಂದು ಜಂಬವೂ ನಮಗಿದ್ದಿತು. ಆ ಜಂಬ ಮುರಿದದ್ದು ಐರಿಷ್ ವಂಶದ ಒಬ್ಬ ಹೆಂಗಸು ಕೇಳಿದ ಒಂದು ಪ್ರಶ್ನೆಯಿಂದ.

ಕೋಲಾರಕ್ಕೂ ಐರ್ಲೆಂಡಿಗೂ ಎಲ್ಲಿಯ ನಂಟು ಎಂದು ವಾಚಕರು ಕೇಳಬಹುದು. ನಂಟು ಹಳೆಯದೇ. ನ್ಯೂಜಿಲೆಂಡಿನ ಮಾವೊರಿ ಯುದ್ಧದಲ್ಲಿ ಕಾದಾಡಿ ಬಂದು ಬೆಂಗಳೂರಿನಲ್ಲಿ ನೆಲೆಸಿದ್ದ ಮೈಕೇಲ್ ಫಿಟ್ಜ್‌ಜೆರಾಲ್ಡ್ ಲ್ಯಾವೆಲ್ ಎಂಬ ಐರಿಷ್ ಸಿಪಾಯಿಯು ಕೋಲಾರದ ನೆಲದಲ್ಲಿ ಚಿನ್ನ ಅಗೆಯಲು ೧೮೭೩ರಲ್ಲಿ ಅರ್ಜಿ ಕೊಟ್ಟು, ೧೮೭೫ರಲ್ಲಿ ಅಪ್ಪಣೆ ಪಡೆದನು. ಬೆಂಗಳೂರಿನ ಲ್ಯಾವೆಲ್ ರಸ್ತೆಗೆ ಅವನದೇ ಹೆಸರು. ಅವನಿಗೆ ಆ ಗಣಿಯಿಂದ ಭಾಗ್ಯವೇನೂ ಕೂಡಿಬರಲಿಲ್ಲ. ಆದರೆ ೧೮೮೦ರ ಸುಮಾರಿಗೆ ಜಾನ್ ಟೇಲರ್ ಕಂಪೆನಿಯವರು ಕೈಹಾಕಿದ ಮೇಲೆ ಚಿನ್ನದ ಗಣಿಯ ಊರು ಬೆಳೆಯಿತು. ನಮ್ಮ ತೆಲುಗರು, ತಮಿಳರು, ಕನ್ನಡಿಗರು ನೆಲದೊಳಕ್ಕೆ ಇಳಿದರು. ಅವರ ಮೇಲೆ ಮೇಸ್ತ್ರಿಗಳಾಗಿ, ಯಂತ್ರ ನೋಡುವವರಾಗಿ ಸೀಮೆಯಿಂದ ಬಂದವರೂ ಅವರ ಸಂತತಿಯವರೂ ನಿಂತರು. ಆ ಗಣಿಗಳನ್ನು ೨೦೦೧ನೆಯ ಇಸವಿ ಫೆಬ್ರವರಿ ೨೮ರಂದು ಮುಚ್ಚಿದರು. ಊರು ಉಳಿದಿದೆ, ಗೋರಿಗಳೂ ಉಳಿದಿವೆ.

೨೦೨೪ರ ಡಿಸೆಂಬರಿನಲ್ಲಿ, ಚಿನ್ನದ ಗಣಿಯ ಊರಿನಲ್ಲಿರುವ ನಮ್ಮ ಹಳೆಯ ಶಿಷ್ಯನೊಬ್ಬನು ಎಪ್ಪತ್ತು ದಾಟಿದ ಒಬ್ಬ ಆಸ್ಟ್ರೇಲಿಯದ ಹೆಂಗಸನ್ನು ನಮ್ಮ ಮನೆಗೆ ಕರೆತಂದನು. ಆಕೆಯ ಮುತ್ತಜ್ಜ ಇಲ್ಲಿನ ಗಣಿಯಲ್ಲಿ ಕೆಲಸಕ್ಕಿದ್ದವನು. ಅವನ ತಂದೆ ಐರ್ಲೆಂಡಿನಿಂದ ಕಂಪೆನಿಯ ದಂಡಿಗೆ ಸೇರಿ ಹಡಗು ಹತ್ತಿದವನು. ೧೮೪೫ರಿಂದ ೧೮೫೨ರವರೆಗೆ ಐರ್ಲೆಂಡಿನಲ್ಲಿ ಆಲೂಗೆಡ್ಡೆಯ ಬೆಳೆಗೆ ರೋಗ ತಗುಲಿ ಮಹಾಕ್ಷಾಮ ಬಂದಿತು. ಸುಮಾರು ಹತ್ತು ಲಕ್ಷ ಜನರು ಸತ್ತರು, ಅದಕ್ಕೂ ಹೆಚ್ಚು ಜನರು ದೇಶ ಬಿಟ್ಟರು. ಹೊಟ್ಟೆಗಾಗಿ ದಂಡಿಗೆ ಸೇರಿದವರಲ್ಲಿ ಆತನೂ ಒಬ್ಬನೆಂದು ಆಕೆಯ ಮನೆಯವರು ಹೇಳುತ್ತಿದ್ದರಂತೆ.

ಆಕೆ ಪಟ್ಟ ಶ್ರಮವನ್ನು ಕೇಳಿ ನಾವು ಬೆರಗಾದೆವು. ಐರ್ಲೆಂಡಿನವರು ತಮ್ಮ ಪೂರ್ವಿಕರನ್ನು ಹುಡುಕುವುದು ಸುಲಭವಲ್ಲ. ೧೯೨೨ರ ಜೂನ್ ೩೦ರಂದು, ಅಂತಃಕಲಹದ ಆರಂಭದಲ್ಲಿ, ಡಬ್ಲಿನ್ ನಗರದ ನ್ಯಾಯಸ್ಥಾನಕ್ಕೆ ಸೇರಿದ್ದ ದಫ್ತರಖಾನೆ ಸ್ಫೋಟವಾಗಿ ಉರಿದುಹೋಯಿತು. ೧೮೨೧ರಿಂದ ೧೮೫೧ರವರೆಗಿನ ಖಾನೇಷುಮಾರಿಯ ಪುಸ್ತಕಗಳಲ್ಲಿ ಬಹುಪಾಲು ಆ ಬೆಂಕಿಯಲ್ಲಿ ಬೂದಿಯಾದವು. ಅನಂತರದ ನಾಲ್ಕನ್ನು ಸರ್ಕಾರದವರೇ ಅದಕ್ಕೆ ಮೊದಲು ಹಾಳುಮಾಡಿದ್ದರು. ಇಡಿಯಾಗಿ ಉಳಿದವು ೧೯೦೧ ಮತ್ತು ೧೯೧೧ರವು ಮಾತ್ರ. ಆದರೂ ಆ ಜನರು ಕೈಬಿಡಲಿಲ್ಲ. ೧೮೪೭ರಿಂದ ೧೮೬೪ರವರೆಗೆ ಗ್ರಿಫಿತ್ ಎಂಬ ಅಧಿಕಾರಿ ಮಾಡಿಸಿದ ಜಮೀನು ಮೌಲ್ಯದ ಪಟ್ಟಿಯಲ್ಲಿ ಗೇಣಿದಾರರ ಹೆಸರುಗಳಿವೆ; ಹಳ್ಳಿಯ ಕ್ಯಾಥೊಲಿಕ್ ಚರ್ಚುಗಳ ಪುಸ್ತಕಗಳು ಡಬ್ಲಿನ್ನಿಗೆ ಹೋಗದೆ ಆಯಾ ಚರ್ಚಿನಲ್ಲಿಯೇ ಇದ್ದುದರಿಂದ ಬದುಕಿಕೊಂಡವು. ಇವನ್ನು ಒಂದಕ್ಕೊಂದು ತಾಳೆಹಾಕಿ, ಮುದುಕರನ್ನು ಕೇಳಿ, ಕೊನೆಗೆ ಡಿ.ಎನ್.ಎ. ಪರೀಕ್ಷೆ ಮಾಡಿಸಿ, ಆಕೆ ಐರ್ಲೆಂಡಿನ ಪಶ್ಚಿಮ ಭಾಗದಲ್ಲಿ ತನ್ನ ದಾಯಾದಿಗಳ ಮನೆಯನ್ನೇ ಕಂಡುಹಿಡಿದಿದ್ದಳು.

ಸಿಕ್ಕದೆ ಹೋದದ್ದು ಒಂದೇ. ಗಣಿಯ ಮುತ್ತಜ್ಜನ ಹೆಂಡತಿ ಇಲ್ಲಿಯವಳು. ಮದರಾಸು ಆಧಿಪತ್ಯದ ಚರ್ಚುಗಳಿಂದ ಲಂಡನ್ನಿಗೆ ಹೋಗುತ್ತಿದ್ದ ಪ್ರತಿಗಳು ಈಗ ಅಲ್ಲಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮಗುವಿನ ದೀಕ್ಷಾಸ್ನಾನದ ದಾಖಲೆಯಲ್ಲಿ ತಂದೆಯ ಹೆಸರು, ಕೆಲಸ, ಮನೆತನ ಎಲ್ಲ ಇದೆ. ತಾಯಿಯದು ಕ್ರೈಸ್ತಳಾದ ಮೇಲೆ ಇಟ್ಟ ಒಂದೇ ಒಂದು ಹೆಸರು. ಅವಳ ತಂದೆ ಯಾರು, ಊರು ಯಾವುದು, ಮೊದಲಿನ ಹೆಸರೇನು, ಒಂದೂ ಇಲ್ಲ. ಪರೀಕ್ಷೆಯವರು ಆಕೆಯ ರಕ್ತದಲ್ಲಿ ಹೆಚ್ಚುಕಡಮೆ ಎಂಟರಲ್ಲಿ ಒಂದು ಪಾಲು ದಕ್ಷಿಣ ಹಿಂದೂಸ್ಥಾನದ್ದೆಂದು ಹೇಳಿದ್ದರು. ಒಬ್ಬ ಮುತ್ತಜ್ಜಿಯಿಂದ ಬರತಕ್ಕ ಪಾಲು ಸರಾಸರಿ ಅಷ್ಟೇ. “ಈ ಎಂಟನೆಯ ಒಂದು ಪಾಲು ಯಾವ ಹಳ್ಳಿಯದು, ಹೇಳಬಲ್ಲಿರಾ?” ಎಂದು ಆಕೆ ಕೇಳಿದಳು. ನಾವು ಹೇಳಲಾರದೆ ಹೋದೆವು. ಕಾಫಿ ಕುಡಿದಾದ ಮೇಲೆ, ನಡುಮನೆಯ ಗೋಡೆಯ ಪಟಗಳನ್ನು ನೋಡುತ್ತ ಆಕೆ ಸಹಜವಾಗಿ, “ನಿಮ್ಮ ಮುತ್ತಜ್ಜಿಯ ತಾಯಿಮನೆ ಯಾವುದು?” ಎಂದಳು.

ನಾವು ಬಾಯಿ ತೆರೆದೆವು; ಉತ್ತರ ಬರಲಿಲ್ಲ. ಪ್ರತಿ ಅಮಾವಾಸ್ಯೆಗೂ ಆ ಪ್ರಪಿತಾಮಹಿಯ ಹೆಸರು ಹೇಳಿ ಎಳ್ಳುನೀರು ಬಿಡುತ್ತೇವೆ. ಹೇಳುವ ಗೋತ್ರ ಗಂಡನ ಮನೆಯದು, ಎಂದರೆ ನಮ್ಮದು. ಆಕೆ ಯಾರ ಮಗಳು ಎಂಬುದನ್ನು ಮಂತ್ರವೂ ಕೇಳುವುದಿಲ್ಲ, ನಾವೂ ಕೇಳಿರಲಿಲ್ಲ. ಚರ್ಚಿನ ಪುಸ್ತಕದ ಆ ಹೆಂಗಸಿಗೂ ನಮ್ಮ ತರ್ಪಣದ ಈ ಹೆಂಗಸಿಗೂ ಈ ಒಂದು ವಿಷಯದಲ್ಲಿ ಹೆಚ್ಚೇನೂ ಭೇದವಿರಲಿಲ್ಲ.

ಅತಿಥಿ ಹೋದ ಮೇಲೆ ನಾವು ಕೆಲಸಕ್ಕೆ ತೊಡಗಿದೆವು. ಇಂತಹ ಹುಡುಕಾಟಕ್ಕೆ ನಮ್ಮ ನಾಡಿನಲ್ಲಿ ಸಾಧನಗಳಿಲ್ಲವೆಂದು ಯಾರೂ ತಿಳಿಯಬಾರದು. ಮೊದಲನೆಯದು ಮನೆಯ ಹೆಸರೇ. ಸರ್ ಎಂ. ವಿಶ್ವೇಶ್ವರಯ್ಯನವರು ಹುಟ್ಟಿದ್ದು ಆಗ ಕೋಲಾರ ಜಿಲ್ಲೆಗೆ ಸೇರಿದ್ದ ಮುದ್ದೇನಹಳ್ಳಿಯಲ್ಲಿ. ಅವರ ಹೆಸರಿನ ಮೊದಲಲ್ಲಿರುವ ಮೋಕ್ಷಗುಂಡವಾದರೋ ಆಂಧ್ರ ದೇಶದ ಒಂದು ಹಳ್ಳಿ, ಅವರ ಹಿರಿಯರು ಬಿಟ್ಟುಬಂದ ನೆಲ. ಡಿ. ವಿ. ಗುಂಡಪ್ಪನವರು ೧೮೮೭ರಲ್ಲಿ ಹುಟ್ಟಿದ್ದು ಮುಳಬಾಗಿಲಿನಲ್ಲಿ. ಹೆಸರಿನಲ್ಲಿ ಉಳಿದದ್ದು ದೇವನಹಳ್ಳಿ. ಊರುಗಳ ಹಳೆಯ ಹೆಸರನ್ನೂ ತಿಳಿದಿರಬೇಕು. ಶ್ರೀನಿವಾಸಪುರಕ್ಕೆ ಮೊದಲು ಪಾಪನಪಲ್ಲಿಯೆಂಬ ಹೆಸರಿದ್ದು, ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರನ್ನು ಅದಕ್ಕಿಟ್ಟರೆಂದು ಪ್ರತೀತಿ; ಇದನ್ನರಿಯದವನು ಹಳೆಯ ಕಾಗದದಲ್ಲಿ ತನ್ನ ಊರನ್ನೇ ಗುರುತಿಸಲಾರನು.

ಎರಡನೆಯದು ಬರವಣಿಗೆ. ಶಾನುಭೋಗಿಕೆಯ ಮನೆಗಳಲ್ಲಿ ಕಡತಗಳಿದ್ದವು. ೧೯೬೧ರ ಶಾಸನದಿಂದ ಆ ವಂಶಪರಂಪರೆಯ ಹುದ್ದೆಗಳು ಹೋದ ಮೇಲೆ ಎಷ್ಟೋ ಕಡತಗಳು ಅಟ್ಟದ ಮೇಲೆ ಗೆದ್ದಲಿಗೆ ಆಹಾರವಾದವು. ಇನಾಮು ಜಮೀನಿನ ಪತ್ರಗಳಿವೆ, ಪಹಣಿಗಳಿವೆ, ಶಾಲೆಯ ದಾಖಲಾತಿ ಪುಸ್ತಕಗಳಿವೆ. ಕಾಶಿ, ಗಯೆ, ಹರಿದ್ವಾರಗಳ ಪಂಡರ ವಹಿಗಳಲ್ಲಿ ಯಾತ್ರೆಗೆ ಹೋದ ಹಿರಿಯರ ಹೆಸರು, ಊರು, ಮಕ್ಕಳ ವಿವರ ಇರುವುದುಂಟು. ಉತ್ತರದ ಜಿಲ್ಲೆಗಳಲ್ಲಿ ಹೆಳವರು ಎತ್ತಿನ ಸಮೇತ ಬಂದು ಒಕ್ಕಲು ಮನೆಗಳ ವಂಶಾವಳಿಯನ್ನು ಹೇಳಿ ದವಸ ಪಡೆಯುತ್ತಾರೆ. ತೆಲುಗು ಸೀಮೆಯಲ್ಲಿ ಆ ವೃತ್ತಿ ಪಿಚ್ಚಗುಂಟ್ಲವರದು. ಇನ್ನೂ ಹಿಂದಕ್ಕೆ ಹೋಗಬೇಕೆನ್ನುವವರಿಗೆ ರೈಸ್ ಸಾಹೇಬರು ೧೯೦೫ರಲ್ಲಿ ಅಚ್ಚು ಹಾಕಿಸಿದ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟವಿದೆ. ಆದರೆ ಬರೆದದ್ದೆಲ್ಲ ಸತ್ಯವೆಂದು ನಂಬಬಾರದು. ಹುಟ್ಟಿದ ದಿನ ತಿಳಿಯದ ಎಷ್ಟೋ ಮಕ್ಕಳಿಗೆ ನಾವೇ ಶಾಲೆಯ ಪುಸ್ತಕದಲ್ಲಿ ಜೂನ್ ತಿಂಗಳ ಒಂದು ದಿನವನ್ನು ದಯಪಾಲಿಸಿದ್ದೇವೆ.

ನಮ್ಮ ಮನೆತನದ ವಂಶಾವಳಿಯೊಂದು ಮುಳಬಾಗಿಲಿನಲ್ಲಿ ನಮ್ಮ ದೊಡ್ಡಪ್ಪನ ಮಗನಾದ ಅಣ್ಣನವರ ಪೆಟ್ಟಿಗೆಯಲ್ಲಿದ್ದಿತು. ಅದರಲ್ಲಿ ನಮ್ಮ ಮುತ್ತಜ್ಜಿಯನ್ನು ಮುತ್ತಜ್ಜನ ಸೋದರತ್ತೆಯ ಮಗಳೆಂದು ಬರೆದಿದೆ. ಸೋದರತ್ತೆಯ ಮಗಳನ್ನು ತರುವುದು ನಮ್ಮಲ್ಲಿ ರೂಢಿಯೇ. ತವರು ಸಿಕ್ಕಿತೆಂದು ಸಂತೋಷಪಟ್ಟೆವು. ಆ ಸೋದರತ್ತೆಯನ್ನು ಕೊಟ್ಟಿದ್ದ ಮನೆ ಶ್ರೀನಿವಾಸಪುರದಲ್ಲಿ. ಅವರ ದಾಯಾದಿಗಳು ಈಗಲೂ ಮಾವಿನ ತೋಪು ಮಾಡಿಕೊಂಡಿದ್ದಾರೆ. ಹೋದೆವು, ಮರ್ಯಾದೆಯಿಂದ ಕೂರಿಸಿ ಹಳೆಯ ಕಾಗದದ ಗಂಟನ್ನು ಬಿಚ್ಚಿದರು. ಅದರಲ್ಲಿ ಒಂದು ದಾನಪತ್ರ. ಸೋದರತ್ತೆಯ ಗಂಡನು ತಮಗೆ ಸಂತಾನವಿಲ್ಲದ ಕಾರಣ ಒಂದು ಹೊಲವನ್ನು ದೇವರ ದೀಪಕ್ಕೆ ಬಿಟ್ಟಿರುವುದಾಗಿ ಬರೆಯಿಸಿ ರುಜು ಹಾಕಿದ್ದಾನೆ. ಪತ್ರದ ಕಾಲಕ್ಕೆ ನಮ್ಮ ಮುತ್ತಜ್ಜಿಗೆ ಮದುವೆಯಾಗಿ ಮಕ್ಕಳೂ ಇದ್ದರು. ಸಂತಾನವಿಲ್ಲದವರಿಗೆ ಮಗಳೆಲ್ಲಿಂದ ಬಂದಳು? ಎರಡು ಕಾಗದಗಳಲ್ಲಿ ಒಂದು ಸುಳ್ಳಾಗಿರಬೇಕಲ್ಲವೆ?

ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ನಮ್ಮ ತಂಗಿಯ ಮಗನಿಗೆ ಇದನ್ನು ಹೇಳಿದೆವು. ಅವನು, “ಮಾವ, ಕಾಗದ ಸುಳ್ಳು ಹೇಳಬಹುದು, ಡಿ.ಎನ್.ಎ. ಹೇಳುವುದಿಲ್ಲ” ಎಂದನು. ಅವನು ಅದಾಗಲೇ ಪರೀಕ್ಷೆ ಮಾಡಿಸಿಕೊಂಡಿದ್ದವನು. ಅವನು ತಿಳಿಸಿದ್ದನ್ನೂ ನಾವು ಓದಿ ತಿಳಿದದ್ದನ್ನೂ ಇಲ್ಲಿ ಸಂಗ್ರಹವಾಗಿ ಹೇಳುತ್ತೇವೆ.

ನಮ್ಮ ಜೀವಕೋಶದಲ್ಲಿ ೨೩ ಜೊತೆ ವರ್ಣತಂತುಗಳಿವೆ. ಪ್ರತಿ ಜೊತೆಯಲ್ಲಿ ಒಂದು ತಂದೆಯಿಂದ, ಒಂದು ತಾಯಿಯಿಂದ. ಹೀಗೆ ತಲೆಮಾರಿಗೊಮ್ಮೆ ಪಾಲು ಅರ್ಧವಾಗುತ್ತದೆ: ಅಜ್ಜಿಯದು ನಾಲ್ಕರಲ್ಲೊಂದು, ಮುತ್ತಜ್ಜಿಯದು ಎಂಟರಲ್ಲೊಂದು. ಒಬ್ಬಳೇ ಮುತ್ತಜ್ಜಿಯಿಂದ ಕವಲೊಡೆದ ಇಬ್ಬರಲ್ಲಿ ಸಾಮ್ಯವಿರುವ ಭಾಗವನ್ನು ಅಳೆದು ನಂಟನ್ನು ಊಹಿಸುತ್ತಾರೆ. ಇನ್ನೆರಡು ದಾರಿಗಳಿವೆ. ವೈ ಎಂಬ ವರ್ಣತಂತು ತಂದೆಯಿಂದ ಮಗನಿಗೆ ಮಾತ್ರ ಬರುತ್ತದೆ. ನಮ್ಮ ಗೋತ್ರ ಹರಿಯುವಂತೆಯೇ ಅದೂ ಹರಿಯುತ್ತದೆ. ಕೋಶಕೇಂದ್ರದ ಹೊರಗಿರುವ ಮೈಟೋಕಾಂಡ್ರಿಯವೆಂಬ ಕಣಗಳಲ್ಲಿ ೧೬,೫೬೯ ಅಕ್ಷರಗಳ ಒಂದು ಪುಟ್ಟ ಬರಹವಿದೆ; ಇದು ತಾಯಿಯಿಂದಲೇ ಬರತಕ್ಕದ್ದು. ಮಗನಿಗೂ ಬರುತ್ತದೆ, ಮಗನಿಂದ ಮುಂದಕ್ಕೆ ಹೋಗುವುದಿಲ್ಲ. ಗಂಡಿನ ಗೋತ್ರವನ್ನು ಹೇಳಲು ನಾವು ಮಂತ್ರ ಕಟ್ಟಿದೆವು. ಹೆಣ್ಣಿನ ಗೋತ್ರವನ್ನು ಸೃಷ್ಟಿಯೇ ಒಳಗೆ ಬರೆದಿಟ್ಟಿದೆ.

ಆದರೆ ನಮ್ಮ ಸೀಮೆಯಲ್ಲಿ ಈ ಲೆಕ್ಕಕ್ಕೆ ಒಂದು ತೊಡಕುಂಟು. ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ಮತ್ತೆ ಮತ್ತೆ ತಂದುಕೊಂಡ ಮನೆಗಳಲ್ಲಿ ಒಬ್ಬಳೇ ಅಜ್ಜಿ ಎರಡು ಮೂರು ದಾರಿಯಿಂದ ಅಜ್ಜಿಯಾಗಿರುತ್ತಾಳೆ. ಆದಕಾರಣ ದೂರದ ನಂಟರು ಪರೀಕ್ಷೆಯಲ್ಲಿ ಹತ್ತಿರದವರಂತೆ ಕಾಣುತ್ತಾರೆ. ಮುಳಬಾಗಿಲಿನ ಕವಲಿನ ಹುಡುಗನೊಬ್ಬ ನಮ್ಮ ಸೋದರಳಿಯನಿಗೆ ಇರುವುದಕ್ಕಿಂತ ಒಂದು ತಲೆ ಹತ್ತಿರದವನೆಂದು ಪರೀಕ್ಷೆ ಹೇಳಿದ್ದು ಹೀಗೆಯೇ. ಮುತ್ತಜ್ಜಿಯ ತಾಯಿತಂದೆಗಳಿಂದ ಕವಲೊಡೆದವರು ಎಲ್ಲಿಯಾದರೂ ಇದ್ದರೂ, ಅಷ್ಟು ದೂರದ ನಂಟರಲ್ಲಿ ಅನೇಕರ ಹೋಲಿಕೆ ಅಳತೆಗೇ ಸಿಕ್ಕುವುದಿಲ್ಲ; ಸಿಕ್ಕಬೇಕಾದರೂ ಅವರು ಪರೀಕ್ಷೆ ಮಾಡಿಸಿರಬೇಕು. ಅಂಥವರು ಯಾರೂ ಕಾಣಲಿಲ್ಲ. ಉಳಿದದ್ದು ಹೆಣ್ಣಿನ ದಾರಿ. ಮುತ್ತಜ್ಜಿಯ ಮಗನಾದ ನಮ್ಮ ತಾತನಲ್ಲಿ ಅದು ನಿಂತುಹೋಯಿತು. ಮುತ್ತಜ್ಜಿಯ ಮಗಳು, ಆ ಮಗಳ ಮಗಳು ಎಂದು ಹುಡುಕಿದರೆ, ಜೀವಂತವಾಗಿರುವವರು ಒಬ್ಬರೇ: ಮಾಲೂರಿನಲ್ಲಿರುವ, ತೊಂಬತ್ತೆರಡು ವರ್ಷದ, ನಮ್ಮ ತಂದೆಯವರ ಅತ್ತೆಯ ಮಗಳು. ನಾವೆಲ್ಲರೂ ಅವರನ್ನು ಅತ್ತೆಯೆಂದೇ ಕರೆಯುವುದು.

ಸೋದರಳಿಯನು ಪರೀಕ್ಷೆಯ ಪುಟ್ಟ ಸೀಸೆಯನ್ನು ತಂದನು. ಇಬ್ಬರೂ ಮಾಲೂರಿಗೆ ಹೋದೆವು. ಬಾಯಿಯ ಜೊಲ್ಲನ್ನು ಆ ಸೀಸೆಯಲ್ಲಿ ಗುರುತಿನವರೆಗೆ ತುಂಬಿಸಿ ಹೊರದೇಶಕ್ಕೆ ಕಳುಹಿಸಬೇಕೆಂದು ಅವನು ವಿನಯದಿಂದ ವಿವರಿಸಿದನು. ಅತ್ತೆ ಎಲ್ಲವನ್ನೂ ಕೇಳಿ, ಕನ್ನಡಕವನ್ನು ಮೂಗಿನ ಮೇಲೆ ಸರಿಮಾಡಿಕೊಂಡು, “ಏನಪ್ಪಾ, ನನ್ನ ಎಂಜಲನ್ನು ಅಂಚೆಯಲ್ಲಿ ಕಳಿಸ್ತೀರಾ? ಇಷ್ಟು ವರ್ಷ ಮಡಿಯಲ್ಲಿ ಬದುಕಿದೀನಿ, ಈಗ ನನ್ನ ಎಂಜಲು ಸಮುದ್ರ ದಾಟಬೇಕೇ?” ಎಂದರು. ನಮಗೆ ನಗುವೂ ಬಂದಿತು, ನಾಚಿಕೆಯೂ ಆಯಿತು. ಅತ್ತೆ ನಮ್ಮ ಕಡೆ ತಿರುಗಿ, “ನಿನಗೆ ಬೇಕಾದ್ದೇನು ಹೇಳು. ಬಾಯಿಯ ಎಂಜಲು ಬೇಕೋ, ಬಾಯಲ್ಲಿರೋ ಮಾತು ಬೇಕೋ?” ಎಂದರು.

ಮುತ್ತಜ್ಜಿಯ ತವರನ್ನು ಕೇಳಿದೆವು. ಅತ್ತೆ ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಅವರು ಹೇಳಿದ್ದು ಇದು. ಮುತ್ತಜ್ಜಿ ತೀರಿಕೊಂಡಾಗ ಅತ್ತೆಗೆ ಹನ್ನೆರಡು ವರ್ಷ. ಮೊಮ್ಮಗಳೆಂದು ಅಜ್ಜಿಯ ಪಕ್ಕದಲ್ಲಿಯೇ ಮಲಗುತ್ತಿದ್ದವರು. ಅಜ್ಜಿ ದಿನವೂ ಅನ್ನಕ್ಕಿಡುವ ಮೊದಲು ಒಂದು ಹಿಡಿ ಅಕ್ಕಿಯನ್ನು ಬೇರೆ ಗಡಿಗೆಗೆ ಹಾಕುವರು. ಬಸಿದ ಗಂಜಿಯನ್ನು ಒಂದು ದಿನವೂ ಚೆಲ್ಲಗೊಡಿಸಲಿಲ್ಲ. ಏಕೆಂದು ಕೇಳಿದ ಮೊಮ್ಮಗಳಿಗೆ ಒಂದು ರಾತ್ರಿ ಹೇಳಿದರಂತೆ. ಈಶ್ವರ ಸಂವತ್ಸರದ ಬರದಲ್ಲಿ, ಏಳು ವರ್ಷದ ಹುಡುಗಿ, ತಾಯಿಯ ಸೆರಗು ಹಿಡಿದು ಸೂರ್ಯ ಹುಟ್ಟುವ ಕಡೆಯಿಂದ ನಂಗಲಿಯ ದಾರಿಯಲ್ಲಿ ನಡೆದು ಬಂದಳು. ಕಂಕುಳಿನಲ್ಲಿ ತಮ್ಮನಿದ್ದನು, ಮುಳಬಾಗಿಲಿನ ಬೆಟ್ಟ ಕಾಣುವ ಹೊತ್ತಿಗೆ ಅವನಿರಲಿಲ್ಲ. ಕೋಲಾರದ ಗಂಜಿಮನೆಯ ಮುಂದೆ ತಾಯಿಯೂ ಹೋದಳು. ಆ ಗಂಜಿಮನೆಯಲ್ಲಿ ತಲೆಯೆಣಿಕೆ ಬರೆಯುತ್ತಿದ್ದವರು ನಮ್ಮ ಮುತ್ತಜ್ಜನ ತಂದೆ. ಹುಡುಗಿಯನ್ನು ಮನೆಗೆ ಕರೆತಂದು, ಮಕ್ಕಳಿಲ್ಲದ ತಂಗಿಯ ಮಡಿಲಿಗೆ, ಶ್ರೀನಿವಾಸಪುರಕ್ಕೆ ಕಳುಹಿಸಿದರು. ಆಕೆ ಮಗಳಂತೆಯೇ ಸಾಕಿದಳು. ವಯಸ್ಸಿಗೆ ಬಂದ ಮೇಲೆ ಅಣ್ಣನ ಮಗನಿಗೇ ಕೊಟ್ಟಳು.

ಎರಡು ಕಾಗದಗಳೂ ನಿಜವೇ ಆಗಿದ್ದವು. ಹೆತ್ತವಳಲ್ಲದ್ದರಿಂದ ದಾನಪತ್ರದಲ್ಲಿ ಸಂತಾನವಿಲ್ಲ. ಸಾಕಿದವಳಾದ್ದರಿಂದ ವಂಶಾವಳಿಯಲ್ಲಿ ಮಗಳುಂಟು.

“ಅವರ ತಾಯಿಯ ಹೆಸರು?” ಎಂದೆವು. “ಅಜ್ಜಿಗೆ ಅಮ್ಮ ಅಂತಲೇ ಗೊತ್ತಿತ್ತು. ಏಳು ವರ್ಷದ ಮಗು, ಅಮ್ಮನ ಹೆಸರು ಯಾಕೆ ಕರೀತದೆ?” ಎಂದರು ಅತ್ತೆ. ಯಾವ ಜನ? “ತೆಲುಗು ಆಡ್ತಿತ್ತಂತೆ. ಹಸಿವಿಗೆ ಯಾವ ಜಾತಿ ಅಂತ ಅಜ್ಜಿ ಹೇಳಲಿಲ್ಲ, ನಾನೂ ಕೇಳಲಿಲ್ಲ.” ಇಷ್ಟು ಕಾಲ ಇದನ್ನು ನಮಗೇಕೆ ಹೇಳಲಿಲ್ಲವೆಂದು ನಾವು ಸ್ವಲ್ಪ ಮುನಿಸಿನಿಂದಲೇ ಕೇಳಿದೆವು. “ಯಾರು ಕೇಳಿದಿರಿ?” ಎಂದರು.

ಆ ಬರವನ್ನು ವಾಚಕರಲ್ಲಿ ಹಿರಿಯರು ಧಾತು ಈಶ್ವರದ ಬರವೆಂದು ಕೇಳಿಬಲ್ಲರು. ೧೮೭೬ರಲ್ಲಿ ಮಳೆ ತಪ್ಪಿ ೧೮೭೮ರವರೆಗೆ ನಡೆಯಿತು. ಮೈಸೂರು ಸಂಸ್ಥಾನದ ಜನಸಂಖ್ಯೆ ೧೮೭೧ರ ಎಣಿಕೆಯಲ್ಲಿ ೫೦,೫೫,೪೧೨ ಇದ್ದದ್ದು ೧೮೮೧ರಲ್ಲಿ ೪೧,೮೬,೧೮೮ಕ್ಕೆ ಇಳಿಯಿತು. ಬೆಳೆಯಬೇಕಾದ ಹತ್ತು ವರ್ಷದಲ್ಲಿ ಎಂಟೂವರೆ ಲಕ್ಷಕ್ಕೂ ಮೀರಿ ಜನ ಕಡಮೆಯಾದರು. ಕೋಲಾರದ ಸೀಮೆ ಅತಿಯಾಗಿ ನೊಂದ ಸೀಮೆಗಳಲ್ಲೊಂದು. ಈ ಅಂಕಿಗಳನ್ನು ನಾವು ಮೊದಲೂ ಓದಿದ್ದೆವು. ಆ ಅಂಕಿಯಲ್ಲಿ ನಮ್ಮ ಮುತ್ತಜ್ಜಿಯ ತಾಯಿ ಒಬ್ಬಳು, ಕಂಕುಳಿನ ಮಗು ಒಂದು ಎಂಬುದು ಮಾತ್ರ ತಿಳಿದಿರಲಿಲ್ಲ. ಐರ್ಲೆಂಡಿನ ಬರ ಆ ಅತಿಥಿಯ ಹಿರಿಯನನ್ನು ಹಡಗು ಹತ್ತಿಸಿತು. ನಮ್ಮ 바ರವಲ್ಲದೆ ಬೇರೇನೂ ಈ ಹುಡುಗಿಯನ್ನು ನಮ್ಮ ಮನೆಯ ಹೊಸ್ತಿಲಿಗೆ ತರಲಿಲ್ಲ.

ಮುಳಬಾಗಿಲಿಗೆ ಹೋಗಿ ಅಣ್ಣನವರಿಗೆ ತಿಳಿಸಿದೆವು. ವಂಶಾವಳಿಯಲ್ಲಿ ಇದನ್ನು ಬರೆಯಬೇಕೆಂದೆವು. ಅವರಿಗೆ ಒಪ್ಪಿಗೆಯಾಗಲಿಲ್ಲ. “ನೂರೈವತ್ತು ವರ್ಷ ಮುಚ್ಚಿದ್ದ ಮಾತು. ಮೊಮ್ಮಗಳಿಗೆ ಸಂಬಂಧ ನೋಡ್ತಾ ಇದೀವಿ. ಕೇಳಿದವರು ಏನೆಂದುಕೊಂಡಾರು? ಮುಚ್ಚಿದವರು ಬುದ್ಧಿಯಿಲ್ಲದವರೇನೂ ಅಲ್ಲ” ಎಂದರು. ಅವರ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಆ ಹುಡುಗಿಯನ್ನು ನಾಲ್ಕು ಜನರ ಮಾತಿನಿಂದ ಕಾಪಾಡುವುದಕ್ಕೆಂದೇ ಹಿರಿಯರು ಆಕೆಗೊಂದು ತವರನ್ನು ಕೊಟ್ಟಿದ್ದರು. ನಾವು ಅದನ್ನು ಕಿತ್ತುಕೊಳ್ಳಬಹುದೆ?

ಶುದ್ಧಿಯ ಮಾತಿಗಾದರೋ ವಿಜ್ಞಾನಿಗಳು ಉತ್ತರ ಹೇಳಿದ್ದಾರೆ. ಹೈದರಾಬಾದಿನ ಕೋಶೀಯ ಮತ್ತು ಅಣು ಜೀವವಿಜ್ಞಾನ ಕೇಂದ್ರದವರೂ ಅಮೆರಿಕದವರೂ ಕೂಡಿ ೨೦೦೯ರಲ್ಲಿಯೂ ೨೦೧೩ರಲ್ಲಿಯೂ ಪ್ರಕಟಿಸಿದ ಶೋಧನೆಗಳ ಪ್ರಕಾರ, ಈ ದೇಶದ ಬಹುತೇಕ ಎಲ್ಲ ಜನವರ್ಗಗಳೂ ಎರಡು ಪ್ರಾಚೀನ ಮೂಲಗಳ ಮಿಶ್ರಣ. ಸುಮಾರು ೪,೨೦೦ ವರ್ಷಗಳ ಹಿಂದಿನಿಂದ ೧,೯೦೦ ವರ್ಷಗಳ ಹಿಂದಿನವರೆಗೆ ಆ ಬೆರಕೆ ನಡೆದು, ಆಮೇಲೆ ಒಂದೊಂದು ಗುಂಪು ತನ್ನೊಳಗೇ ಮದುವೆಯಾಗುವ ಕಟ್ಟು ಬಿಗಿಯಾಯಿತು. ಬಾಗಿಲು ಹಾಕಿಕೊಂಡ ಮನೆಗಳಿಗೆಲ್ಲ ಅಂಗಳ ಒಂದೇ ಎಂದಂತಾಯಿತು. ಇದನ್ನು ಅಣ್ಣನವರಿಗೆ ಹೇಳಿದೆವು. ಅವರು ಕೇಳಿಸಿಕೊಂಡು, “ವಿಜ್ಞಾನಿಗಳು ಹೆಣ್ಣು ನೋಡಲು ಬರುವುದಿಲ್ಲ” ಎಂದರು. ಕೊನೆಗೆ ಹೊರಡುವ ಹೊತ್ತಿನಲ್ಲಿ ವಂಶಾವಳಿಯನ್ನು ನಮ್ಮ ಕೈಗೆ ಕೊಟ್ಟು, “ಬರೆ. ಆದರೆ ಪೆನ್ಸಿಲಿನಲ್ಲಿ ಬರೆ” ಎಂದರು.

ಹಾಗೆಯೇ ಬರೆದೆವು. ಸೋದರತ್ತೆಯ ಮಗಳೆಂಬುದನ್ನು ಹೊಡೆದುಹಾಕಲಿಲ್ಲ. ಅದರ ಕೆಳಗೆ, “ಸಾಕಿದ ಮಗಳು. ಈಶ್ವರ ಸಂವತ್ಸರದ ಬರದಲ್ಲಿ ಮೂಡಣ ಸೀಮೆಯಿಂದ ತಾಯಿಯೊಡನೆ ನಡೆದು ಬಂದವಳು. ಹೆತ್ತವರ ಹೆಸರು ತಿಳಿಯದು” ಎಂದು ಸೇರಿಸಿದೆವು.

ಸೀಸೆ ಬರಿದಾಗಿಯೇ ಹಿಂದಕ್ಕೆ ಬಂದಿತು. ಅದರಿಂದ ನಷ್ಟವೇನೂ ಆಗಲಿಲ್ಲ. ತಾಯಿಯ ದಾರಿಯ ಆ ಬರಹದಲ್ಲಿ ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಒಂದೇ ಮಹಾಶಾಖೆಗೆ ಸೇರಿದವರು. ಅದು ಸಾವಿರಾರು ವರ್ಷಗಳ ಕಥೆಯನ್ನು ಹೇಳೀತೇ ಹೊರತು ನಂಗಲಿಯ ದಾರಿಯ ಕಥೆಯನ್ನು ಹೇಳಲಾರದು. ಪರೀಕ್ಷೆ ಮಾಡಿಸಬೇಕೆನ್ನುವವರನ್ನು ನಾವು ತಡೆಯುವುದಿಲ್ಲ. ಆ ಐರಿಷ್ ವಂಶದ ಹೆಂಗಸಿಗೆ ದಾಯಾದಿಗಳು ಸಿಕ್ಕಿದ್ದು ಅದರಿಂದಲೇ. ಅವಳ ಕಡೆಯವರು ಲಕ್ಷಗಟ್ಟಲೆಯಾಗಿ ಪರೀಕ್ಷೆ ಮಾಡಿಸಿದ್ದಾರೆ, ನಮ್ಮಲ್ಲಿ ಮಾಡಿಸಿದವರು ವಿರಳ. ಎಚ್ಚರವೂ ಬೇಕು. ಅಮೆರಿಕದ ಹೆಸರಾಂತ ಒಂದು ಸಂಸ್ಥೆಯಿಂದ ೨೦೨೩ರಲ್ಲಿ ಸುಮಾರು ೬೯ ಲಕ್ಷ ಜನರ ವಿವರಗಳು ಕಳ್ಳರ ಪಾಲಾದವು. ೨೦೨೫ರ ಮಾರ್ಚಿಯಲ್ಲಿ ಆ ಸಂಸ್ಥೆ ದಿವಾಳಿಯ ಅರ್ಜಿ ಹಾಕಿತು. ಒಬ್ಬರು ಕೊಟ್ಟ ಜೊಲ್ಲಿನಲ್ಲಿ ಒಡಹುಟ್ಟಿದವರ, ಮಕ್ಕಳ ಗುಟ್ಟೂ ಇರುವುದರಿಂದ ಮನೆಯವರೆಲ್ಲರ ಒಪ್ಪಿಗೆ ಪಡೆಯುವುದು ಯುಕ್ತ.

ಗೃಹಸ್ಥರಿಗೆ ನಮ್ಮ ವಿಜ್ಞಾಪನೆ ಇಷ್ಟೆ. ಮೊದಲು ಮನೆಯ ಅತ್ಯಂತ ಹಿರಿಯರ ಬಳಿಗೆ ಹೋಗಿರಿ. ಕಾಗದ ಆಮೇಲೆ, ಪರೀಕ್ಷೆ ಕಡೆಯಲ್ಲಿ. ಗಂಡಸರ ಹೆಸರುಗಳು ಹೇಗೂ ಪಹಣಿಯಲ್ಲಿ ಸಿಕ್ಕುತ್ತವೆ; ಹೆಂಗಸರ ಹೆಸರನ್ನೂ, ಹುಟ್ಟಿದ ಮನೆಯನ್ನೂ, ಊರನ್ನೂ ಕೇಳಿರಿ. ಹೆಸರನ್ನು ಮಾತ್ರ ಕೇಳಿದರೆ ಮುದುಕರಿಗೆ ನೆನಪಾಗದು. ಏನು ಅಡಿಗೆ ಮಾಡುತ್ತಿದ್ದರು, ಏನನ್ನು ಚೆಲ್ಲಗೊಡಿಸುತ್ತಿರಲಿಲ್ಲ, ಯಾವ ಊರಿನ ಹೆಸರು ಬಂದರೆ ಸುಮ್ಮನಾಗುತ್ತಿದ್ದರು ಎಂದು ಕೇಳಿರಿ. ಕೇಳಿದ್ದನ್ನು ಅಂದೇ ಬರೆದು, ಹೇಳಿದವರ ಹೆಸರನ್ನೂ ತಾರೀಖನ್ನೂ ಹಾಕಿರಿ. ಎರಡು ಕಾಗದಗಳು ಹೊಂದದಿದ್ದರೆ ಒಂದನ್ನು ಹರಿಯಬೇಡಿರಿ. ತಿಳಿಯದ್ದನ್ನು ತಿಳಿಯದೆಂದೇ ಬರೆಯಿರಿ.

ಕಳೆದ ಮಹಾಲಯ ಅಮಾವಾಸ್ಯೆಗೆ ಮುಂಚೆ ಅಣ್ಣನವರು ತಾವಾಗಿಯೇ ಕೋಲಾರಕ್ಕೆ ಬಂದು, ವಂಶಾವಳಿಯನ್ನು ತರಿಸಿಕೊಂಡು, ನಾವು ಪೆನ್ಸಿಲಿನಲ್ಲಿ ಬರೆದಿದ್ದ ಸಾಲಿನ ಮೇಲೆ ತಮ್ಮ ಕೈಯಿಂದಲೇ ಶಾಯಿಯಲ್ಲಿ ತಿದ್ದಿದರು. ಮೊಮ್ಮಗಳ ಮದುವೆಯ ಮಾತು ಇನ್ನೂ ಮುಗಿದಿರಲಿಲ್ಲ. ನಾವು ಏನನ್ನೂ ಕೇಳಲಿಲ್ಲ; ಅವರೂ ಏನನ್ನೂ ಹೇಳಲಿಲ್ಲ.

ತರ್ಪಣದ ಕೊನೆಯಲ್ಲಿ, ನೀರು ಬಿಡಲು ತಮ್ಮವರೆಂಬವರು ಯಾರೂ ಉಳಿಯದೆ ಹೋದವರಿಗಾಗಿ ಒಂದು ಸಲ ನೀರು ಬಿಡುವ ವಿಧಿಯುಂಟು. ಅದನ್ನು ಇಷ್ಟು ವರ್ಷ ನಾವು ಯಾರಿಗೆಂದು ತಿಳಿಯದೆಯೇ ಬಿಡುತ್ತಿದ್ದೆವು. ಈ ಸಲ ನಂಗಲಿಯ ದಾರಿಯ ಒಬ್ಬ ತಾಯಿಯನ್ನೂ ಆಕೆಯ ಕಂಕುಳಿನ ಮಗುವನ್ನೂ ನೆನೆದು ಬಿಟ್ಟೆವು.